ದಿನದ ಚಿಂತನೆ: ನಮ್ಮ ಮಾತನ್ನು ಕಾಯುವವರು ಯಾರು?




ಸುಳ್ಳು, ಚಾಡಿ, ಕಟುಮಾತು, ಕಾಡುಹರಟೆ. ಈ ನಾಲ್ಕನ್ನು ಬಿಡುವುದೇ ಸಮ್ಮಾವಾಚಾ ಎಂದು ನಾವೆಲ್ಲ ಓದಿದ್ದೇವೆ. ಆದರೆ ಬಾಯಿಗೆ ಬಂದ ಕಟುಮಾತನ್ನು ತಡೆಯುವ ಶಕ್ತಿ ಯಾವುದು? ಕಾನೂನಿನ ಭಯವೇ? ನಾಲ್ಕು ಜನ ಏನೆಂದುಕೊಳ್ಳುತ್ತಾರೋ ಎಂಬ ಅಳುಕೇ? ಅಥವಾ ನಮ್ಮೊಳಗೇ ಇರುವ ಇನ್ನೊಂದೇ? ಈ ಪ್ರಶ್ನೆಯನ್ನು ಒಂದು ದೇಶ ಐದು ವರ್ಷಗಳ ಕಾಲ ಪ್ರಯೋಗಕ್ಕೆ ಒಡ್ಡಿತು ಎಂದರೆ ಆಶ್ಚರ್ಯವಾದೀತು.

ಆ ದೇಶ ದಕ್ಷಿಣ ಕೊರಿಯಾ. ಹದಿನಾರು ಶತಮಾನಗಳಿಂದ ಬೌದ್ಧ ವಿಹಾರಗಳಿರುವ ನಾಡು. ಮನೆಮನೆಗೆ ವೇಗದ ಇಂಟರ್ನೆಟ್ಟನ್ನು ಜಗತ್ತಿನಲ್ಲೇ ಮೊದಮೊದಲು ಮುಟ್ಟಿಸಿದ ನಾಡೂ ಹೌದು. ಅಲ್ಲಿನವರು ಸುದ್ದಿ ಓದುವುದು ಹೆಚ್ಚಾಗಿ ನೇವರ್, ದೌಮ್ ಎಂಬ ತಮ್ಮದೇ ಪೋರ್ಟಲ್‌ಗಳಲ್ಲಿ. ಸುದ್ದಿಯ ಕೆಳಗೆ ಕಾಮೆಂಟು ಬರೆಯುವುದು, ಬೇರೆಯವರ ಕಾಮೆಂಟು ಓದುವುದು ನಿತ್ಯದ ರೂಢಿಯಾಯಿತು. ಅದರ ಜೊತೆಗೇ ಬೈಗುಳವೂ ಬೆಳೆಯಿತು. ಅದಕ್ಕೆಂದೇ ಒಂದು ಪದ ಹುಟ್ಟಿತು: ‘ಅಕ್‌ಪುಲ್’. ‘ಅಕ್’ ಎಂದರೆ ಕೆಟ್ಟದ್ದು, ‘ಪುಲ್’ ಎನ್ನುವುದು ರಿಪ್ಲೈ ಪದದ ಬಾಲ. ಒಂದು ದುರ್ಗುಣಕ್ಕೆ ಭಾಷೆಯೇ ಹೊಸ ಹೆಸರು ಕಟ್ಟಬೇಕಾಯಿತೆಂದರೆ ಅದು ಎಷ್ಟು ಹರಡಿರಬೇಕು, ಯೋಚಿಸಿ.

ಹೆಸರು ಮುಚ್ಚಿಟ್ಟುಕೊಂಡಿರುವುದರಿಂದಲೇ ಜನ ಹೀಗೆ ಬರೆಯುತ್ತಾರೆ ಎಂದು ಸರ್ಕಾರ ಭಾವಿಸಿತು. 2007ರಲ್ಲಿ ಕಾನೂನು ಬಂತು. ದಿನಕ್ಕೆ 3 ಲಕ್ಷಕ್ಕಿಂತ ಹೆಚ್ಚು ಜನ ಬರುವ ತಾಣಗಳಲ್ಲಿ ಬರೆಯುವವರು ತಮ್ಮ ಗುರುತನ್ನು ದೃಢೀಕರಿಸಲೇಬೇಕು. ಪರದೆಯ ಮೇಲೆ ಅಡ್ಡಹೆಸರು ಇರಬಹುದು, ಆದರೆ ಬೇಕೆಂದರೆ ಸರ್ಕಾರ ಹುಡುಕಿ ಹಿಡಿಯಬಹುದು.

ಬೈಗುಳ ನಿಂತಿತೇ? 2008ರ ಅಕ್ಟೋಬರ್‌ನಲ್ಲಿ, ಈ ಕಾನೂನು ಜಾರಿಯಲ್ಲಿರುವಾಗಲೇ, ಜನಪ್ರಿಯ ನಟಿ ಚೋಯ್ ಜಿನ್ ಸಿಲ್ ಪ್ರಾಣ ಕಳೆದುಕೊಂಡರು. ಅದಕ್ಕೆ ಮೊದಲು ಅವರ ಮೇಲೆ ಅಂತರ್ಜಾಲದಲ್ಲಿ ಗಾಳಿಸುದ್ದಿಯ ಮಳೆಯೇ ಸುರಿದಿತ್ತು. ಸರ್ಕಾರ ಕಾನೂನನ್ನು ಇನ್ನಷ್ಟು ಬಿಗಿ ಮಾಡಿತು, 2009ರಲ್ಲಿ ಮಿತಿ 1 ಲಕ್ಷಕ್ಕೆ ಇಳಿಯಿತು. 2011ರಲ್ಲಿ ಒಂದು ದೊಡ್ಡ ತಾಣಕ್ಕೆ ಕನ್ನ ಬಿದ್ದು ಸುಮಾರು 3.5 ಕೋಟಿ ಬಳಕೆದಾರರ ವಿವರ ಸೋರಿಹೋಯಿತು. ಆ ದೇಶದ ಜನಸಂಖ್ಯೆಯೇ ಸುಮಾರು 5 ಕೋಟಿ. ಕೊನೆಗೆ 2012ರ ಆಗಸ್ಟ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಒಮ್ಮತದಿಂದ ಈ ಕಾನೂನನ್ನು ರದ್ದು ಮಾಡಿತು. ಅಕ್ರಮ ಬರಹಗಳು ಗಮನಾರ್ಹವಾಗಿ ಕಡಿಮೆಯಾಗಿಲ್ಲ, ಬದಲಿಗೆ ಮಾತನಾಡುವ ಸ್ವಾತಂತ್ರ್ಯಕ್ಕೆ ಪೆಟ್ಟು ಬಿದ್ದಿದೆ ಎಂಬುದು ಅದರ ಅಭಿಪ್ರಾಯ.

ಇಲ್ಲಿ ಬುದ್ಧಗುರುವಿನ ಬೋಧೆ ನೆನಪಾಗುತ್ತದೆ. ಲೋಕವನ್ನು ಕಾಯುವ ಗುಣಗಳು ಎರಡು: ಹಿರಿ ಮತ್ತು ಒತ್ತಪ್ಪ. ಕೆಟ್ಟದ್ದನ್ನು ಮಾಡಲು ತನಗೇ ಆಗುವ ನಾಚಿಕೆ ಹಿರಿ. ಅದರ ಫಲಕ್ಕೆ, ಲೋಕನಿಂದೆಗೆ ಅಂಜುವುದು ಒತ್ತಪ್ಪ. ಅಟ್ಠಕಥೆಯಲ್ಲಿ ಇದಕ್ಕೆ ಒಂದು ಹೋಲಿಕೆ ಇದೆ. ಎರಡು ಕಬ್ಬಿಣದ ಗುಂಡುಗಳು. ಒಂದು ತಣ್ಣಗಿದೆ, ಆದರೆ ಹೇಸಿಗೆ ಮೆತ್ತಿದೆ. ಇನ್ನೊಂದು ಕಾದು ಕೆಂಪಾಗಿದೆ. ಮೊದಲನೆಯದನ್ನು ಅಸಹ್ಯಪಟ್ಟು ಮುಟ್ಟುವುದಿಲ್ಲ, ಎರಡನೆಯದನ್ನು ಸುಡುತ್ತದೆಂದು ಮುಟ್ಟುವುದಿಲ್ಲ.

ಕೊರಿಯಾದ ಕಾನೂನು ಎರಡನೆಯ ಗುಂಡನ್ನು ಕಾಯಿಸಲು ನೋಡಿತು. ಅದು ತಪ್ಪಲ್ಲ. ಬುದ್ಧರೂ ಸಂಘದಲ್ಲಿ ತಪ್ಪುಗಳು ನಡೆದಂತೆಲ್ಲ ವಿನಯದ ನಿಯಮಗಳನ್ನು ಮಾಡಿದರು. ಆದರೆ ಹೊರಗಿನ ಭಯ ಕಣ್ಣು ನೋಡುವಷ್ಟು ದೂರ ಮಾತ್ರ ಕಾಯುತ್ತದೆ. ಲಕ್ಷ ಜನ ಒಟ್ಟಿಗೆ ಕಲ್ಲೆಸೆಯುವಾಗ ‘ನನ್ನದೊಂದು ಕಲ್ಲನ್ನು ಯಾರು ಲೆಕ್ಕ ಇಡುತ್ತಾರೆ’ ಎಂದು ಪ್ರತಿಯೊಬ್ಬನೂ ಅಂದುಕೊಳ್ಳುತ್ತಾನೆ. ಅಲ್ಲಿ ಬೇಕಾದದ್ದು ಹಿರಿ.

ಯಾರೂ ನೋಡದ ಕಡೆ ಬಾಳೆಹಣ್ಣು ತಿಂದು ಬಾ ಎಂದಾಗ ತಿನ್ನದೆ ಹಿಂತಿರುಗಿದ ಕನಕದಾಸರ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಸೀಲವೀಮಂಸನ ಜಾತಕದಲ್ಲೂ ಇಂಥದೇ ಕಥೆಯಿದೆ. ಯಾರಿಗೂ ಕಾಣದಂತೆ ಬಟ್ಟೆ, ಒಡವೆ ಕದ್ದು ತನ್ನಿ ಎಂದು ಗುರು ಶಿಷ್ಯರನ್ನು ಪರೀಕ್ಷಿಸುತ್ತಾನೆ. ಬೋಧಿಸತ್ತ ಬರಿಗೈಯಲ್ಲಿ ಬರುತ್ತಾನೆ. ಕನಕರು ಕಂಡದ್ದು ಎಲ್ಲೆಲ್ಲೂ ಇರುವ ದೇವರ ಕಣ್ಣು. ಬೋಧಿಸತ್ತ ಅದರ ಜೊತೆಗೆ ಇನ್ನೊಂದನ್ನು ಕಾಣುತ್ತಾನೆ: ಯಾರೂ ಇಲ್ಲದ ಕಡೆ ನಾನಾದರೂ ಇರುತ್ತೇನಲ್ಲ!

ಹಾಗಾದರೆ ಅನಾಮಧೇಯತೆ ಕೆಟ್ಟದ್ದಲ್ಲವೇ ಎಂದು ಕೇಳಬಹುದು. ಯಜಮಾನನ ಅನ್ಯಾಯವನ್ನು ಹೇಳಬೇಕಾದ ಕೂಲಿಯವನಿಗೆ ಅದೇ ರಕ್ಷೆ. ಗುಪ್ತವಾಗಿ ದಾನ ಕೊಡುವವರೂ ಹೆಸರು ಮುಚ್ಚಿಡುತ್ತಾರೆ. ಇನ್ನೊಂದು ಕಡೆ ನಮ್ಮ ವಾಟ್ಸಾಪ್ ಗುಂಪುಗಳನ್ನೇ ನೋಡಿ. ಹೆಸರಿದೆ, ಫೋಟೋ ಇದೆ, ನಂಬರೂ ಇದೆ. ಬಂಧುಗಳೂ ಸಹೋದ್ಯೋಗಿಗಳೂ ನೋಡುತ್ತಿದ್ದಾರೆ. ಆದರೂ ಒಂದು ಜಾತಿಯ ಮೇಲೆ, ಒಂದು ಧರ್ಮದ ಮೇಲೆ ವಿಷ ಕಾರುವ ಸಂದೇಶಗಳು ಬೆಳಗಿನ ಶುಭಾಶಯದ ಬೆನ್ನಿಗೇ ಬರುತ್ತವೆ. ಹೆಸರು ಮನುಷ್ಯನನ್ನು ಕಾಯುವುದಾದರೆ ಹೀಗಾಗಬಾರದಿತ್ತು.

2019ರ ಅಕ್ಟೋಬರ್‌ನಲ್ಲಿ ಸುಲ್ಲಿ ಎಂಬ ಗಾಯಕಿ 25ನೇ ವಯಸ್ಸಿಗೇ ತೀರಿಹೋದರು. ಕೆಟ್ಟ ಕಾಮೆಂಟುಗಳ ನೋವಿನ ಬಗ್ಗೆಯೇ ಮಾತನಾಡುವ ಟಿವಿ ಕಾರ್ಯಕ್ರಮವನ್ನು ಅವರು ನಡೆಸಿಕೊಡುತ್ತಿದ್ದರು. ಅದೇ ತಿಂಗಳ ಕೊನೆಗೆ ದೌಮ್, ಮರುವರ್ಷ ನೇವರ್, ಮನರಂಜನೆಯ ಸುದ್ದಿಗಳಿಗೆ ಕಾಮೆಂಟನ್ನೇ ನಿಲ್ಲಿಸಿದವು. ಒಂದು ಸಾವಿಗೆ ಕಾರಣಗಳು ಹಲವು. ಪಟಿಚ್ಚಸಮುಪ್ಪಾದ ಓದಿದ ನಮಗೆ ಅದು ಗೊತ್ತು. ಆದರೆ ಆ ಕಾರಣಗಳ ಸಾಲಿನಲ್ಲಿ ನಾನು ಬರೆದ ಒಂದು ಸಾಲು ಇರಬಾರದು.

ಅದೇ ದೇಶದಲ್ಲಿ ಮಿನ್ ಬ್ಯೊಂಗ್ ಚೊಲ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕರು 2007ರಲ್ಲಿ ವಿದ್ಯಾರ್ಥಿಗಳಿಗೆ ಒಂದು ಹೋಂವರ್ಕ್ ಕೊಟ್ಟರು. ಬೈಸಿಕೊಳ್ಳುತ್ತಿರುವವರ ಪುಟಕ್ಕೆ ಹೋಗಿ ಅಲ್ಲಿನ ಕೆಟ್ಟ ಕಾಮೆಂಟುಗಳನ್ನು ಓದಿ, ಒಳ್ಳೆಯ ಮಾತೊಂದನ್ನು ಬರೆದು ಬನ್ನಿ ಎಂದು. ಅದು ‘ಸನ್‌ಪುಲ್’, ಅಂದರೆ ಒಳ್ಳೆಯ ಉತ್ತರ, ಎಂಬ ಚಳವಳಿಯಾಗಿ ಬೆಳೆಯಿತು. ಹೋಂವರ್ಕಿನಿಂದ ಲೋಕ ಬದಲಾಗುತ್ತದೆಯೇ ಎಂದು ನಗಬಹುದು. ಸುಲ್ಲಿಯ ಸಾವನ್ನು ಅದು ತಡೆಯಲಿಲ್ಲ ಎಂಬುದೂ ನಿಜ. ಆದರೆ ನಾಚಿಕೆ ತಾನಾಗಿ ಬೆಳೆಯುವ ಗಿಡವಲ್ಲ. ಬೈಗುಳ ತಿಂದವರ ಜಾಗದಲ್ಲಿ ನಿಂತು ಓದಿದವನಿಗೆ ಮುಂದಿನ ಸಲ ಬೈಯಲು ಕೈ ತಡೆಯುತ್ತದೆ. ಹಿರಿಯನ್ನು ಬೆಳೆಸುವ ಅಭ್ಯಾಸ ಎಂದರೆ ಇದೇ.

ಇಂದಿನ ಸಾಧನೆ: ಏನನ್ನಾದರೂ ಕಳಿಸುವ ಮೊದಲು, ಫಾರ್ವರ್ಡ್ ಮಾಡುವ ಮೊದಲೂ, ಬುದ್ಧರು ಹೇಳಿದ ಐದು ಅಂಶಗಳನ್ನು ಕೇಳಿಕೊಳ್ಳೋಣ. ಇದಕ್ಕೆ ಇದು ಸಮಯವೇ? ಇದು ಸತ್ಯವೇ? ಮಾತು ಮೃದುವಾಗಿದೆಯೇ? ಯಾರಿಗಾದರೂ ಹಿತವಿದೆಯೇ? ಮನಸ್ಸಿನಲ್ಲಿ ಮೈತ್ರಿ ಇದೆಯೇ? ಒಂದಕ್ಕೆ ‘ಇಲ್ಲ’ ಎಂದು ಬಂದರೂ ಬೆರಳನ್ನು ಹಿಂದಕ್ಕೆ ತೆಗೆಯೋಣ. ಈ ಸಂದೇಶಕ್ಕೂ ಅದೇ ನಿಯಮ.

ಎಲ್ಲರಿಗೂ ಮಂಗಳವಾಗಲಿ 🙏