ನೆಲ ನಿಜಕ್ಕೂ ಡೊಂಕಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಪ ಹೇಳುವವರ ಬಾಯಿ ಮುಚ್ಚಿಸೋಕೆ ಇದಕ್ಕಿಂತ ಒಳ್ಳೆಯ ಗಾದೆ ಇಲ್ಲ. ಆದರೆ ನನಗೊಂದು ಅನುಮಾನ: ಆ ನೆಲವನ್ನು ಯಾರಾದ್ರೂ ಒಂದ್ಸಲ ಪರೀಕ್ಷೆ ಮಾಡಿ ನೋಡಿದ್ರಾ?

ನಿಮ್ಮ ಹೋಮ್ ಥಿಯೇಟರಿನ ಹಿಂದಿನ ಎಡ ಸ್ಪೀಕರ್ ಗೊರಗೊರ ಅಂತಿದೆ ಅಂದುಕೊಳ್ಳಿ. ತಕ್ಷಣ ಬರುವ ತೀರ್ಪು, "ಡ್ರೈವರ್ ಹೋಗಿದೆ". ಡ್ರೈವರ್ ಅಂದರೆ ಡಬ್ಬಿಯೊಳಗೆ ಸದ್ದು ಹುಟ್ಟಿಸುವ ಭಾಗ: ಕೋನ್, ಅದರ ಹಿಂದೆ ತಂತಿಸುರುಳಿ, ಅದರ ಸುತ್ತ ಅಯಸ್ಕಾಂತ. ಆದರೆ ಕೆಲಸ ಬಲ್ಲವರು ತೀರ್ಪು ಕೊಡೋಕೆ ಮೊದಲು ಆಂಪ್ಲಿಫೈಯರ್ ಆಫ್ ಮಾಡಿ, ಎಡದ ಸ್ಪೀಕರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ನೋಡುತ್ತಾರೆ. ಗೊರಗೊರ ಸ್ಪೀಕರ್ ಜೊತೆಗೇ ಬಲಕ್ಕೆ ಹೋಯಿತಾ? ಹಾಗಾದ್ರೆ ದೋಷ ಡಬ್ಬಿಯೊಳಗಿದೆ. ಎಡದಲ್ಲೇ ಉಳಿಯಿತಾ? ಹಾಗಾದ್ರೆ ತಂತಿಯನ್ನೋ ಆಂಪ್ಲಿಫೈಯರನ್ನೋ ನೋಡಬೇಕು. ಡಬ್ಬಿಯೊಳಗೇ ಇದ್ದರೂ ಡ್ರೈವರೇ ಅಂತ ಹೇಳೋ ಹಾಗಿಲ್ಲ. ಡ್ರೈವರಿನ ತಂತಿ ಬಿಡಿಸಿ ಮಲ್ಟಿಮೀಟರ್ ಹಿಡಿಯಬೇಕು. 8 ಓಮ್ ಅಂತ ಬರೆದಿರೋದು ಸುಮಾರು 6 ತೋರಿಸಿದರೆ ಸುರುಳಿ ತುಂಡಾಗಿಲ್ಲ. ಕೋನನ್ನು ಬೆರಳುಗಳಿಂದ ಮೆಲ್ಲಗೆ, ಸಮನಾಗಿ ಒತ್ತಿದಾಗ ಕರಕರ ಸದ್ದು ಬಂದರೆ ಸುರುಳಿ ಉಜ್ಜುತ್ತಿದೆ. ಆಗ ಮಾತ್ರ ಡ್ರೈವರ್ ಕೆಟ್ಟಿದೆ ಅನ್ನೋ ಹಕ್ಕು ಬರುತ್ತೆ.

ಅಷ್ಟಕ್ಕೇ ಮುಗಿಯಲ್ಲ. ಯಾಕೆ ಕೆಟ್ಟಿತು? ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸಿ ಟ್ವೀಟರ್ ಸುಟ್ಟಿದ್ದರೆ, ಹೊಸ ಟ್ವೀಟರೂ ಸುಡುತ್ತೆ. ಊರಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಮೂರು ಫೇಸಲ್ಲಿ ಒಂದು ಹೋಗಿ ಪಂಪ್‌ಸೆಟ್ ಮೋಟರ್ ಸುಟ್ಟರೆ, ರಿವೈಂಡಿಂಗ್ ಮಾಡಿಸಿ ತಂದು ಅದೇ ಲೈನಿಗೆ ಕೊಟ್ಟರೆ ಮತ್ತೆ ಸುಡುತ್ತೆ. ಸುಟ್ಟಿದ್ದು ಮೋಟರ್, ತಪ್ಪು ಮೋಟರಿನದ್ದಲ್ಲ.

ಇನ್ನೂ ವಿಚಿತ್ರ ಒಂದಿದೆ. ಎರಡೂ ಸ್ಪೀಕರ್ ಸರಿಯಾಗಿವೆ, ಆದರೆ ಒಂದಕ್ಕೆ ಪ್ಲಸ್-ಮೈನಸ್ ತಿರುಗಿಸಿ ಕೊಟ್ಟಿದ್ದಾರೆ. ಒಂದರ ಕೋನ್ ಮುಂದೆ ಬಂದಾಗ ಇನ್ನೊಂದರದ್ದು ಹಿಂದೆ ಹೋಗುತ್ತೆ, ಬೇಸ್ ಸೊರಗುತ್ತೆ. ಬೇರೆ ಬೇರೆಯಾಗಿ ಕೇಳಿದರೆ ಎರಡೂ ಚೆನ್ನಾಗಿವೆ. ದೋಷ ಎರಡರಲ್ಲೂ ಇಲ್ಲ, ಜೋಡಣೆಯಲ್ಲಿದೆ. ಎಷ್ಟೋ ಟೀಮುಗಳ, ಎಷ್ಟೋ ಮದುವೆಗಳ ಕಥೆ ಇದೇ ಅಲ್ವಾ?

ಮನುಷ್ಯರ ವಿಷಯಕ್ಕೆ ಬಂದಾಗ ನಾವು ಇಷ್ಟು ತಾಳ್ಮೆ ತೋರಿಸೋದಿಲ್ಲ. ಅಪ್ರೈಸಲ್ ಮೀಟಿಂಗಲ್ಲಿ "ಅವನು ಸ್ವಲ್ಪ ವೀಕು" ಅಂತ ಒಬ್ಬರು ಅಂದರೆ ಸಾಕು, ಮಿಕ್ಕವರು ತಲೆಯಾಡಿಸುತ್ತಾರೆ. ಅವನ ಜಾಗಕ್ಕೆ ಇನ್ನೊಬ್ಬರನ್ನು ಹಾಕಿದ್ದರೆ ಆ ಕೆಲಸ ಆಗುತ್ತಿತ್ತಾ? ಅವನನ್ನು ಬೇರೆ ಪ್ರಾಜೆಕ್ಟಲ್ಲಿ ಹಾಕಿ ನೋಡಿದ್ದೀವಾ? ಯಾರೂ ಕೇಳಲ್ಲ. ಸ್ಪೀಕರಿಗೆ ಕೆಟ್ಟದ್ದು ಅಂತ ಚೀಟಿ ಅಂಟಿಸಿದರೆ ಅದಕ್ಕೆ ಗೊತ್ತಾಗಲ್ಲ. ಮನುಷ್ಯನಿಗೆ ಗೊತ್ತಾಗುತ್ತೆ. ದಿನ ಕಳೆದಂತೆ ಅವನು ಆ ಚೀಟಿಯನ್ನೇ ನಂಬೋಕೆ ಶುರುಮಾಡುತ್ತಾನೆ. ನಮ್ಮ ಆತುರದ ತೀರ್ಪು ಇಲ್ಲದ ದೋಷವನ್ನೂ ಹುಟ್ಟಿಸಬಲ್ಲದು.

ಎಲ್ಲಕ್ಕೂ ಸನ್ನಿವೇಶವೇ ಕಾರಣ ಅಂದರೆ ಹೊಣೆ ಹೊರೋರು ಯಾರು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಅದಲು ಬದಲು ಮಾಡಿ ನೋಡೋದು ಯಾರ ಪರವಾದ ವಕಾಲತ್ತೂ ಅಲ್ಲ. ನಾಲ್ಕು ಜಾಗ ಬದಲಾದರೂ ಅದೇ ಗೊರಗೊರ ಜೊತೆಗೇ ಬಂದರೆ, ಇನ್ನು ನೆಲದ ಮೇಲೆ ಹಾಕುವಂತಿಲ್ಲ, ಒಪ್ಪಿಕೊಳ್ಳಲೇಬೇಕು. ಈ ಪರೀಕ್ಷೆ ನೆಪ ಹೇಳುವವನನ್ನೂ ಹಿಡಿಯುತ್ತೆ, ಸುಮ್ಮನೆ ಬೈಯುವವನನ್ನೂ ಹಿಡಿಯುತ್ತೆ.

ಮನುಷ್ಯರನ್ನು ಸ್ಪೀಕರಿನಷ್ಟು ಸಲೀಸಾಗಿ ಅದಲು ಬದಲು ಮಾಡೋಕಾಗಲ್ಲ, ನಿಜ. ಹಾಗಿದ್ದಾಗ ಕನಿಷ್ಠ ನಮ್ಮ ತೀರ್ಪಿನ ದನಿಯನ್ನಾದರೂ ತಗ್ಗಿಸಬಹುದು. ಪರೀಕ್ಷೆ ಮಾಡದ ದೋಷವನ್ನು ಒಬ್ಬರ ಹೆಸರಿಗೆ ಬರೆಯೋದು ಬರೀ ಉದಾಸೀನ ಅಲ್ಲ, ಅನ್ಯಾಯ.