ಪದವಿಯೂ ಪರಿಗ್ರಹವೇ?

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವ ಶ್ರಾವಕನು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾದ ಹತ್ತು ಬಾಹ್ಯ ಪರಿಗ್ರಹಗಳಿಗೆ ಮಿತಿ ಹಾಕಿಕೊಳ್ಳುತ್ತಾನೆ. ಆ ಪಟ್ಟಿಯಲ್ಲಿ ಪದವಿ ಇಲ್ಲ. ಅಂಗಡಿಯ ಸರಕನ್ನು ಕೀರ್ದಿ-ಖತಾವಣಿಯಲ್ಲಿ ಬರೆಯಬಹುದು. ಅಧಿಕಾರವನ್ನು ಯಾವ ಖಾತೆಗೆ ಜಮಾ ಮಾಡಬೇಕು?

ಅಕ್ಕಿಆಲೂರನ್ನು ಒಳಗೊಂಡ ಹಾನಗಲ್ಲ ಕ್ಷೇತ್ರದ ಸಿ. ಎಂ. ಉದಾಸಿಯವರ ಸಾರ್ವಜನಿಕ ಜೀವನವು ಈ ವಿಚಾರಕ್ಕೆ ಯೋಗ್ಯ ನಿದರ್ಶನ. ವ್ಯಾಪಾರದಿಂದ ರಾಜಕಾರಣಕ್ಕೆ ಬಂದ ಅವರು 1983ರಲ್ಲಿ ಪಕ್ಷೇತರರಾಗಿ ವಿಧಾನಸಭೆಯನ್ನು ಪ್ರವೇಶಿಸಿದರು. ಒಟ್ಟು ಆರು ಸಲ ಗೆದ್ದರು. 1989, 1999 ಮತ್ತು 2013ರಲ್ಲಿ ಮನೋಹರ ತಹಶೀಲ್ದಾರರೆದುರು ಸೋತರು. ಜೆ. ಎಚ್. ಪಟೇಲರ ಸಂಪುಟದಲ್ಲಿ ಸಚಿವರಾದರು. 2008ರಿಂದ ಲೋಕೋಪಯೋಗಿ ಖಾತೆಯನ್ನು ನಿರ್ವಹಿಸಿದರು.

ಅಧಿಕಾರಕ್ಕೆ ಐದು ವರ್ಷಗಳ ಪರಿಮಾಣವನ್ನು ಸಂವಿಧಾನವೇ ಹಾಕಿದೆ. ಆದರೆ ಅದು ಹೊರಗಿನಿಂದ ಬಂದ ಮಿತಿ. ವ್ರತವೆಂಬುದು ತಾನಾಗಿ ಹಾಕಿಕೊಂಡ ಮಿತಿ. ಸೋತವನ ಕೈ ಬರಿದಾದರೂ ಅವನು ಅಪರಿಗ್ರಹಿಯಾಗುವುದಿಲ್ಲ. ವಸ್ತುವಿಗಿಂತ ವಸ್ತುವಿನ ಮೇಲಣ ಮೂರ್ಛೆಯನ್ನೇ ಉಮಾಸ್ವಾಮಿಗಳು ಪರಿಗ್ರಹವೆಂದು ಎಣಿಸಿದ್ದಾರೆ.

2013ರ ಜನವರಿಯಲ್ಲಿ ಉದಾಸಿಯವರು ಬಿ. ಎಸ್. ಯಡಿಯೂರಪ್ಪನವರ ಹಿಂದೆ ಹೊರಟು ಜಗದೀಶ ಶೆಟ್ಟರ ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಮೇ ತಿಂಗಳಲ್ಲಿ ಕರ್ನಾಟಕ ಜನತಾ ಪಕ್ಷದಿಂದ ನಿಂತು ಸೋತರು. ಇದು ತ್ಯಾಗವೇ? ಕೈಯಲ್ಲಿದ್ದ ಖಾತೆಯನ್ನು ಬಿಟ್ಟದ್ದು ನಿಜ. ಲೋಭಿಯು ಅಷ್ಟನ್ನೂ ಮಾಡಲಾರ. ಆದರೆ ನಾಯಕನ ಮೇಲಣ ನಿಷ್ಠೆ ಎಷ್ಟೇ ಶ್ಲಾಘ್ಯವಾದರೂ ಅದು ರಾಗದ ಒಂದು ರೂಪ. ಒಂದು ರಾಗಕ್ಕಾಗಿ ಇನ್ನೊಂದನ್ನು ಬಿಡುವುದನ್ನು ಶಾಸ್ತ್ರವು ತ್ಯಾಗವೆನ್ನುವುದಿಲ್ಲ. ಲೋಕದೃಷ್ಟಿಯಿಂದ ಅದು ಗೌರವಕ್ಕೆ ಅರ್ಹ, ವ್ರತದೃಷ್ಟಿಯಿಂದ ಅಪೂರ್ಣ.

ಹಾನಗಲ್ಲ ಸೀಮೆಗೆ ನೆರೆಯ ಬಂಕಾಪುರದಲ್ಲಿ ಇದಕ್ಕೆ ಒರೆಗಲ್ಲಿದೆ. ಗಂಗರ ಮಾರಸಿಂಹನು ರಾಜ್ಯವನ್ನು ತೊರೆದು, 974ರ ಸುಮಾರಿಗೆ ಅಲ್ಲಿ ಅಜಿತಸೇನ ಆಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟನು. ಅನೇಕ ಯುದ್ಧಗಳನ್ನು ಮಾಡಿದ ಅರಸನಾತ. ಬಿಟ್ಟುದಕ್ಕೆ ಪ್ರತಿಯಾಗಿ ಇನ್ನೊಂದು ಸಿಂಹಾಸನವನ್ನು ಬಯಸಲಿಲ್ಲ.

ಅರಸನ ಅಳತೆಯನ್ನು ಇಂದಿನ ಶಾಸಕನಿಗೆ ಹಾಗೆಯೇ ಹಿಡಿಯುವುದು ನ್ಯಾಯವಲ್ಲ. ಉದಾಸಿಯವರು 2018ರಲ್ಲಿ, ಎಂಬತ್ತು ದಾಟಿದ ಮೇಲೆ ಮತ್ತೆ ಗೆದ್ದು, 2021ರ ಜೂನ್‌ನಲ್ಲಿ ಶಾಸಕರಾಗಿಯೇ ನಿಧನರಾದರು. ಆ ವಯಸ್ಸಿನ ಸ್ಪರ್ಧೆಯನ್ನು ಮೂರ್ಛೆಯೆನ್ನುವ ಮೊದಲು, ಅವರನ್ನು ಬೇಡಿ ಆರಿಸಿದವರ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೃತ, ಕಾರಿತ, ಅನುಮೋದಿತ ಎಂದು ಕರ್ಮವು ಮೂರು ಬಗೆಯಲ್ಲಿ ಅಂಟುತ್ತದೆ. ಸಚಿವರಿಗೆ ಹಾರ ಹಾಕಿ ಬಸದಿಯ ರಸ್ತೆಗೆ ಅರ್ಜಿ ಕೊಡುವ ಸಮಾಜವು ಈ ಮೂರನೆಯದರಿಂದ ಹೊರಗುಳಿಯದು.

ಪದವಿಯ ಮೂರ್ಛೆಗೆ ವಿಧಾನಸೌಧವೇ ಬೇಕೆಂದಿಲ್ಲ. ಬಸದಿಯ ಟ್ರಸ್ಟುಗಳಲ್ಲಿಯೂ ಅಧ್ಯಕ್ಷಸ್ಥಾನವು ತಂದೆಯಿಂದ ಮಗನಿಗೆ ಇಳಿಯುವುದುಂಟು. ಅಲ್ಲಿ ಸೋಲಿಸುವ ಮತದಾರನೂ ಇರುವುದಿಲ್ಲ. ವಾರ್ಷಿಕ ಸಭೆಯಲ್ಲಿ ಜಮಾಖರ್ಚನ್ನು ಓದುವಾಗ, ಅಧ್ಯಕ್ಷರು ಎಷ್ಟು ವರ್ಷಗಳಿಂದ ಆ ಸ್ಥಾನದಲ್ಲಿದ್ದಾರೆಂಬುದನ್ನೂ ಒಂದು ಸಾಲಿನಲ್ಲಿ ಓದಬಹುದು.