ಸಹಿಯಿಲ್ಲದ ಅಪ್ಪಣೆ

ಅರಸನಿಗೆ ಸಲಹೆ ಹೇಳುವವರು ಇರಬಾರದೆಂದು ನಮ್ಮ ಹಿರಿಯರು ಎಂದೂ ಹೇಳಲಿಲ್ಲ. ಒಂಟಿ ಗಾಲಿಯಿಂದ ರಥ ಸಾಗದಂತೆ ಸಹಾಯಕರಿಲ್ಲದೆ ರಾಜ್ಯಭಾರ ಸಾಗದೆಂಬುದು ಕೌಟಿಲ್ಯನ ಮತ. ಆದರೆ ಸಲಹೆಗಾರನು ಎಂಥವನಾಗಿರಬೇಕು ಎಂಬ ಪ್ರಶ್ನೆಯನ್ನು ಮಹಾಭಾರತವು ನಮ್ಮ ಮುಂದಿಡುತ್ತದೆ. ವಿದುರನು ದ್ಯೂತಸಭೆಯಲ್ಲಿ ಎಲ್ಲರೂ ಕೇಳುವಂತೆ 'ಇದು ಬೇಡ' ಎಂದನು, ನಿಂದೆಯನ್ನು ಸಹಿಸಿದನು, ಮುಂದೊಮ್ಮೆ ಧೃತರಾಷ್ಟ್ರನಿಂದ ಹೊರದೂಡಿಸಿಕೊಂಡನು. ಶಕುನಿಯ ಆಲೋಚನೆಯೆಲ್ಲ ಕಿವಿಯಿಂದ ಕಿವಿಗೆ. ಇಬ್ಬರೂ ಸಲಹೆಗಾರರೇ. ಒಬ್ಬನು ತನ್ನ ಮಾತಿಗೆ ತಾನೇ ಹೊಣೆಯಾದನು. ಇನ್ನೊಬ್ಬನ ಮಾತಿಗೆ ಬೇರೆಯವರು ಬೆಲೆ ತೆತ್ತರು.

ಇಂದು ಸರ್ಕಾರಿ ಸೇವೆಯಲ್ಲಿ ರಾಜಕೀಯ ಬೆರೆಯಿತೆಂದು ಎಲ್ಲೆಡೆಯೂ ಕೊರಗು ಕೇಳಿಬರುತ್ತದೆ. ಸರ್ಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದ ನಾನೂ ಈ ಕೊರಗಿನಲ್ಲಿ ದನಿಗೂಡಿಸಿದವನೇ. ಆದರೆ ವಯಸ್ಸು ಎಪ್ಪತ್ತು ದಾಟಿದ ಮೇಲೆ, ತಪ್ಪು ನಿಜವಾಗಿ ಎಲ್ಲಿದೆ ಎಂದು ತಿರುಗಿ ನೋಡಬೇಕೆನಿಸಿದೆ. ರಾಜಕೀಯವೆಂಬುದೇ ಮೈಲಿಗೆಯೆ?

ನಮ್ಮ ಜಿಲ್ಲೆಯ ಚರಿತ್ರೆ ಹಾಗೆ ಹೇಳುವುದಿಲ್ಲ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿ, ಸೇಲಂನಲ್ಲಿ ವಕೀಲಿ ಮಾಡಿ, ಅಲ್ಲಿಯ ಪುರಸಭೆಯ ಅಧ್ಯಕ್ಷರೂ ಆಗಿದ್ದ ಸಿ. ರಾಜಗೋಪಾಲಾಚಾರಿಯವರು 1937ರಲ್ಲಿ ಮದ್ರಾಸ್ ಪ್ರಾಂತ್ಯದ ಸರ್ಕಾರದ ಮುಖ್ಯಸ್ಥರಾದರು. ಅದೇ ವರ್ಷ ಅಕ್ಟೋಬರ್ 1ರಂದು ಪಾನನಿರೋಧವನ್ನು ಪ್ರಾಂತ್ಯದಲ್ಲಿ ಮೊಟ್ಟಮೊದಲಿಗೆ ಸೇಲಂ ಜಿಲ್ಲೆಯಲ್ಲಿ ಜಾರಿಗೆ ತಂದರು. ಇಂದಿನ ಧರ್ಮಪುರಿಯೂ ಕೃಷ್ಣಗಿರಿಯೂ ಅಂದಿನ ಸೇಲಂ ಜಿಲ್ಲೆಯ ಭಾಗಗಳೇ. ಇದು ಅಪ್ಪಟ ರಾಜಕೀಯ ನಿರ್ಧಾರ. ಬೊಕ್ಕಸಕ್ಕೆ ಬರುತ್ತಿದ್ದ ಅಬಕಾರಿ ವರಮಾನವನ್ನು ಕೈಯಾರೆ ಬಿಟ್ಟುಕೊಟ್ಟ ನಿರ್ಧಾರ. ಅದನ್ನು ನಡೆಸಿಕೊಟ್ಟವರು ಯಾರು? ಅಲ್ಲಿಯ ಕಲೆಕ್ಟರ್ ಡಿಕ್ಸನ್ ಎಂಬ ಆಂಗ್ಲ ಅಧಿಕಾರಿ ಮತ್ತು ಅವರ ಕೈಕೆಳಗಿನ ಸಿಬ್ಬಂದಿ. ರಾಜಾಜಿಯವರನ್ನು ಕೆಲವೇ ವರ್ಷಗಳ ಹಿಂದೆ ಸೆರೆಮನೆಗೆ ಕಳುಹಿಸಿದ್ದ ಆಡಳಿತವೇ ಈಗ ಅವರ ಆಜ್ಞೆಯನ್ನು ನಡೆಸಿತು. ಜನರಿಂದ ಆಯ್ಕೆಯಾದವನು ಗುರಿಯನ್ನು ನಿಶ್ಚಯಿಸಿದ, ಅಧಿಕಾರಿಯು ದಾರಿಯನ್ನು ಸವೆಸಿದ. ಇದರಲ್ಲಿ ಸೇವೆಯ ಮಾನಕ್ಕೆ ಕುಂದೇನೂ ಬರಲಿಲ್ಲ.

ಮೈಸೂರಿನ ನಿದರ್ಶನ ಇನ್ನೂ ಕಠಿಣವಾದದ್ದು. ಸಂಸ್ಥಾನದ ಹುದ್ದೆಗಳು ಬಹುಮಟ್ಟಿಗೆ ಒಂದೇ ಸಮುದಾಯದ ಕೈಯಲ್ಲಿದ್ದವು. ಉಳಿದವರಿಗೂ ಪಾಲು ಸಿಗಬೇಕೆಂಬ ಕೂಗೆದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಆ ಮಾರ್ಗ ಸಮ್ಮತವಾಗಲಿಲ್ಲ. ಆ ವರ್ಷದ ಕೊನೆಗೆ ಅವರು ಅಧಿಕಾರವನ್ನು ತ್ಯಜಿಸಿದರು. ಈ ವಿಷಯದಲ್ಲಿ ನಾನು ಮಹಾರಾಜರ ಪಕ್ಷದವನು. ಅರ್ಹತೆಯ ಹೆಸರಿನಲ್ಲಿ ಬಾಗಿಲು ಮುಚ್ಚಿಕೊಂಡ ಕಚೇರಿಯನ್ನು ತೆರೆಸಲು ರಾಜಕೀಯದ ಇಚ್ಛೆಯೇ ಬೇಕಾಯಿತು. ರೈತರ, ನೇಕಾರರ ಮನೆಯ ಮಕ್ಕಳು ಮುಂದೆ ಗುಮಾಸ್ತರೂ ಉಪಾಧ್ಯಾಯರೂ ಆದುದು ಇಂಥ ನಿರ್ಧಾರಗಳಿಂದಲೇ. ಆದರೂ ವಿಶ್ವೇಶ್ವರಯ್ಯನವರ ರೀತಿಗೆ ತಲೆಬಾಗುತ್ತೇನೆ. ಒಪ್ಪದ ಮಾತನ್ನು ಒಪ್ಪಲಿಲ್ಲವೆಂದರು. ಒಡೆಯರ ಇಚ್ಛೆ ಬೇರೆಯೆಂದು ತಿಳಿದಾಗ ಪೀಠವನ್ನು ಬಿಟ್ಟರು. ಪೀಠದಲ್ಲಿ ಕುಳಿತೇ ಒಳಗೊಳಗೆ ಕೆಲಸ ಕೆಡಿಸಲಿಲ್ಲ.

1949ರ ಅಕ್ಟೋಬರ್ 10ರಂದು ಸಂವಿಧಾನ ಸಭೆಯಲ್ಲಿ ಸರ್ದಾರ್ ಪಟೇಲರು ಸರ್ಕಾರಿ ಸೇವೆಗಳ ಪರವಾಗಿ ಮಾತನಾಡಿದಾಗ ಇದೇ ತತ್ತ್ವವನ್ನು ಎತ್ತಿಹಿಡಿದರು. ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದುದನ್ನೂ ಬರೆದಿಡುವ ಸ್ವಾತಂತ್ರ್ಯ ಕಾರ್ಯದರ್ಶಿಗೆ ಇರಬೇಕೆಂಬುದು ಅವರ ವಾದದ ತಿರುಳು. 'ಬರೆದಿಡುವ' ಎಂಬ ಮಾತನ್ನು ಓದುಗರು ಗಮನಿಸಬೇಕು.

ಈಗ ನಮ್ಮ ಕಾಲಕ್ಕೆ ಬರೋಣ. ಮಂತ್ರಿಮಂಡಲದ ಗಾತ್ರವು ವಿಧಾನಸಭೆಯ ಸದಸ್ಯಸಂಖ್ಯೆಯ ಶೇಕಡ 15ನ್ನು ಮೀರಬಾರದೆಂದು 2003ರ 91ನೆಯ ತಿದ್ದುಪಡಿ ಗೆರೆ ಎಳೆಯಿತು. 224 ಸದಸ್ಯರ ಕರ್ನಾಟಕದಲ್ಲಿ ಮುಖ್ಯಮಂತ್ರಿಯೂ ಸೇರಿ ಮಂತ್ರಿಗಳು 34. ಗೆರೆಯ ಆಚೆ ಉಳಿದವರಿಗೆ ಬೇರೆ ಬಾಗಿಲುಗಳು ತೆರೆದವು. 2023ರ ಡಿಸೆಂಬರ್‌ನಲ್ಲಿ ಶಾಸಕರಾದ ಬಸವರಾಜ ರಾಯರೆಡ್ಡಿಯವರು ಮುಖ್ಯಮಂತ್ರಿಗಳ ಆರ್ಥಿಕ ಸಲಹೆಗಾರರಾಗಿಯೂ ಬಿ.ಆರ್. ಪಾಟೀಲರು ಸಲಹೆಗಾರರಾಗಿಯೂ ಸಂಪುಟ ದರ್ಜೆಯೊಡನೆ ನೇಮಕಗೊಂಡರು. ಇದು ಒಂದೇ ಪಕ್ಷದ ರೂಢಿಯಲ್ಲ. ಹಿಂದಿನ ಸರ್ಕಾರದಲ್ಲಿಯೂ ಮುಖ್ಯಮಂತ್ರಿಗಳಿಗೆ ರಾಜಕೀಯ ಕಾರ್ಯದರ್ಶಿಗಳಿದ್ದರು. ಅನುಭವಸ್ಥ ಶಾಸಕನ ಸಲಹೆಯನ್ನು ಕೇಳುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಮಂತ್ರಿಯು ಪ್ರಮಾಣವಚನ ಸ್ವೀಕರಿಸುತ್ತಾನೆ, ಕಡತಕ್ಕೆ ಸಹಿ ಮಾಡುತ್ತಾನೆ, ಸದನದಲ್ಲಿ ಎದ್ದುನಿಂತು ಉತ್ತರ ಕೊಡುತ್ತಾನೆ. ಸಲಹೆಗಾರನಿಗೆ ಮಂತ್ರಿಯ ದರ್ಜೆಯುಂಟು, ಮಂತ್ರಿಯ ಉತ್ತರದಾಯಿತ್ವವಿಲ್ಲ. ಇಷ್ಟಾಗಿಯೂ ಇವರ ನೇಮಕಕ್ಕೆ ಒಂದು ಆದೇಶಪತ್ರವಾದರೂ ಇದೆ. ಪ್ರಶ್ನಿಸುವವನಿಗೆ ಹಿಡಿಯಲು ಒಂದು ತುದಿಯಿದೆ. ಪತ್ರವೇ ಇಲ್ಲದ ಸಲಹೆಗಾರರು ತಾಲ್ಲೂಕಿಗೊಬ್ಬರು, ಹೋಬಳಿಗೊಬ್ಬರು ಇದ್ದಾರೆ. 'ಮೇಲಿನವರು ಹೇಳಿದ್ದಾರೆ' ಎಂಬುದೇ ಅವರ ನೇಮಕಪತ್ರ.

ಈ ಮಾತನ್ನು ನಾನು ಅನುಭವದಿಂದ ಬಲ್ಲೆ. ಹಲವು ವರ್ಷಗಳ ಹಿಂದೆ ನಾನು ಹಳ್ಳಿಯೊಂದರ ಶಾಲೆಯಲ್ಲಿದ್ದಾಗ ಒಬ್ಬ ಸ್ಥಳೀಯ ಪ್ರಮುಖರು ಬಂದರು. ಮರುದಿನ ನಾಯಕರೊಬ್ಬರು ಆ ದಾರಿಯಲ್ಲಿ ಹೋಗಲಿದ್ದಾರೆ, ಮಕ್ಕಳನ್ನು ರಸ್ತೆಯ ಇಕ್ಕೆಲಗಳಲ್ಲಿ ನಿಲ್ಲಿಸಬೇಕು, ಮೇಲಿನವರೇ ಹೇಳಿದ್ದಾರೆ ಎಂದರು. ಆದೇಶವನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ಮಗಳ ಮದುವೆ ಗೊತ್ತಾಗಿತ್ತು, ವರ್ಗಾವಣೆಯ ಭಯವಿತ್ತು. ಮಕ್ಕಳು ಹತ್ತು ಗಂಟೆಯಿಂದ ಬಿಸಿಲಿನಲ್ಲಿ ನಿಂತರು. ವಾಹನಗಳು ಬಂದುದು ಎರಡು ಗಂಟೆಯ ಮೇಲೆ, ಯಾವುದೂ ನಿಲ್ಲಲಿಲ್ಲ. ಅಷ್ಟರಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ತಲೆ ಸುತ್ತಿ ಬಿದ್ದು ಹಣೆ ಒಡೆದುಕೊಂಡಿದ್ದಳು. ಸಂಜೆ ಅವಳ ತಂದೆ ಬಂದನು. ಜಗಳವಾಡಲಿಲ್ಲ. "ಯಾರು ಹೇಳಿದ್ದು ಸಾಮಿ, ಮಕ್ಕಳ್ನ ಬಿಸಿಲಾಗೆ ನಿಲ್ಸಿ ಅಂತ?" ಎಂದಷ್ಟೇ ಕೇಳಿದನು.

ನಾನು ಯಾರ ಹೆಸರನ್ನು ಹೇಳಲಿ? ಮೇಲಿನವರು ನಿಜವಾಗಿ ಹೇಳಿದ್ದರೋ ಇಲ್ಲವೋ ನನಗೇ ತಿಳಿಯದು. ಹಾಜರಿ ಪುಸ್ತಕದಲ್ಲಿ ಅಂದು ಎಲ್ಲ ಮಕ್ಕಳೂ ಶಾಲೆಯಲ್ಲಿದ್ದರೆಂದು ಬರೆದಿತ್ತು. ಅದರ ಕೆಳಗಿದ್ದುದು ಒಂದೇ ಸಹಿ; ಅದು ನನ್ನದು. ಬಹಳ ಕಾಲ ನಾನು ಆ ಪ್ರಮುಖರನ್ನು ಮನಸ್ಸಿನಲ್ಲಿಯೇ ಶಪಿಸುತ್ತಿದ್ದೆ. ಈಗ ತೋರುವುದೇನೆಂದರೆ, ಅವರಿಗಿದ್ದ ಅಧಿಕಾರವನ್ನೆಲ್ಲ ಕೊಟ್ಟವನು ನಾನೇ. 'ದಯವಿಟ್ಟು ಒಂದು ಸಾಲು ಬರೆದುಕೊಡಿ' ಎಂದಿದ್ದರೆ ಬಹುಶಃ ಅವರು ಬಂದ ದಾರಿಯಲ್ಲಿಯೇ ಹೋಗುತ್ತಿದ್ದರು. ಇಲ್ಲವೆ ನನಗೆ ವರ್ಗವಾಗುತ್ತಿತ್ತು. ಹುಡುಗಿಯ ಹಣೆಯಾದರೂ ಉಳಿಯುತ್ತಿತ್ತು.

ನಿವೃತ್ತ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಮೊದಲಾದವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರ ಅಕ್ಟೋಬರ್ 31ರಂದು ಇದೇ ಮಾತನ್ನು ಹೇಳಿತು: ಅಧಿಕಾರಿಗಳು ಬರಿಯ ಬಾಯಿಮಾತಿನ ಆದೇಶದ ಮೇಲೆ ನಡೆಯಬಾರದು, ಅಂಥ ಸೂಚನೆಗಳನ್ನು ದಾಖಲಿಸಿಕೊಳ್ಳಬೇಕು, ವರ್ಗಾವಣೆಗೂ ನಿಯತ ಅವಧಿ, ನಿಯತ ಮಂಡಳಿ ಇರಬೇಕು. ತೀರ್ಪು ನನಗೆ ತಡವಾಗಿ ಬಂದಿತು. ಆದರೆ ಅದರ ಅರಿವು ನಮ್ಮ ಭಾಷೆಯಲ್ಲಿ ಮೊದಲೇ ಇದೆ. 'ಕಡತ' ಎಂಬುದು ಹಿಂದೆ ಮಸಿ ಬಳಿದು ಮಡಿಸಿದ ಬಟ್ಟೆಯ ಮೇಲೆ ಬಳಪದಲ್ಲಿ ಲೆಕ್ಕ ಬರೆದಿಡುತ್ತಿದ್ದ ಪುಸ್ತಕ. ಇಂದು ಕಚೇರಿಯ ಫೈಲಿಗೂ ಅದೇ ಹೆಸರು. ಮಾತು ಕಡತಕ್ಕೆ ಇಳಿದರೆ ಅದಕ್ಕೆ ಒಡೆಯನುಂಟು. ಗಾಳಿಯಲ್ಲಿ ಉಳಿದರೆ ಅದು ಯಾರದೂ ಅಲ್ಲ.

ಬರವಣಿಗೆಯೊಂದರಿಂದಲೇ ಎಲ್ಲವೂ ಶುದ್ಧವಾಗುವುದೆಂದು ನಾನು ನಂಬಿಲ್ಲ. ಬರೆದುಕೊಟ್ಟೇ ಅನ್ಯಾಯ ಮಾಡುವವರೂ ಇದ್ದಾರೆ. ಆಗ ವಿದುರನಂತೆ ಬೇಡವೆನ್ನುವ ಎದೆ ಬೇಕು. ಹೆಂಡಿರು ಮಕ್ಕಳುಳ್ಳವರೆಲ್ಲರಿಗೂ ಅದು ಸುಲಭವಲ್ಲ. ಆದರೆ ಒಂದು ಸಾಲು ಬರೆದುಕೊಡಿರೆಂದು ವಿನಯದಿಂದ ಕೇಳಲು ಅಷ್ಟು ದೊಡ್ಡ ಎದೆ ಬೇಕಾಗಿಲ್ಲ.

ನಮ್ಮ ಸಂಘದ ಮನೆಗಳಲ್ಲಿ ಸೇವಾ ಆಯೋಗದ ಪರೀಕ್ಷೆಗಳಿಗೆ ಓದುತ್ತಿರುವ ಮಕ್ಕಳು ಅನೇಕರಿದ್ದಾರೆ. ನಾಳೆ ಅವರು ಗ್ರಾಮ ಆಡಳಿತ ಅಧಿಕಾರಿಗಳಾಗುವರು, ಉಪಾಧ್ಯಾಯರಾಗುವರು. ಕೆಲವರು ಕಲೆಕ್ಟರೂ ಆಗಲಿ. ಯಾವ ಪಕ್ಷದ ಸರ್ಕಾರ ಬಂದರೂ ಅದರ ಕಾನೂನುಬದ್ಧ ಆಜ್ಞೆಯನ್ನು ಅವರು ಮನಃಪೂರ್ವಕವಾಗಿ ನಡೆಸಲಿ. ಒಪ್ಪದಿದ್ದಾಗ ಆ ಮಾತನ್ನು ಬರೆದಿಡಲಿ. ಸಹಿಯಿಲ್ಲದ ಅಪ್ಪಣೆಯನ್ನು ಮಾತ್ರ ತಲೆಯ ಮೇಲೆ ಹೊತ್ತುಕೊಳ್ಳದಿರಲಿ. ಅಂದು ಆ ತಂದೆಗೆ ಕೊಡಲಾಗದೆ ಹೋದ ಉತ್ತರಕ್ಕೆ ಬದಲಾಗಿ ಇಷ್ಟನ್ನು ಇಲ್ಲಿ ಬರೆದಿಟ್ಟಿದ್ದೇನೆ.